ಕೀಲಿಕೈ ಹುಡುಕುವ ಕೈ

ಜನವರಿಯಲ್ಲಿ ಬೀದರಿನ ಒಂದು ಕಾಲೇಜಿನಲ್ಲಿ ಆಡಿದ ಮಾತು ಇದು. ಹುಡುಗರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಅದನ್ನು ಕೇಳಿ ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೆಮ್ಮಿದ್ದು, ನೀರು ಕುಡಿದಿದ್ದು ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.

ಎಲ್ಲರಿಗೂ ಶರಣು.

ಮೊದಲು ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಮಾತು ಸಲೀಸು. ಕೆಲವು ವರ್ಷದ ಹಿಂದೆ ಬಿ.ಎ. ಕ್ಲಾಸಿಗೆ ಒಂದು ಇಂಗ್ಲಿಷ್ ಕಥೆ ಪಾಠ ಮಾಡುತ್ತಿದ್ದೆ. ಒಬ್ಬ ಮುದುಕ ರಾತ್ರಿ ಮನೆಗೆ ಬರುತ್ತಾನೆ, ಬಾಗಿಲ ಮುಂದೆ ನಿಂತು ಕೋಟಿನ ಜೇಬಿನಲ್ಲಿ ಕೀಲಿಕೈಗಾಗಿ ಫಂಬಲ್ ಮಾಡುತ್ತಾನೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಸರ್, ಫಂಬಲ್ ಅಂದ್ರ ಏನ್ರಿ?" ಅಂತ ಕೇಳಿದಳು. ಹಿಂದಿನ ದಿನ ರಾತ್ರಿ ಕ್ರಿಕೆಟ್ ನೋಡಿದ್ದೆ. ಕಾಮೆಂಟರಿಯವನು ಅದೇ ಪದವನ್ನು ಹತ್ತು ಸಲ ಅಂದಿದ್ದ. ನಾನು ಹಿಂದೆಮುಂದೆ ನೋಡದೆ, "ಕೈಯಿಂದ ಬೀಳಿಸೋದು, ಬರ್ಕೊಳ್ಳಮ್ಮ" ಅಂದೆ. ಬರೆದುಕೊಂಡಳು. ಎಲ್ಲರೂ ಬರೆದುಕೊಂಡರು. ಟೆಸ್ಟ್ ಪೇಪರ್ ನೋಡುವಾಗ ಒಂದಾದ ಮೇಲೆ ಒಂದರಲ್ಲಿ ಮುದುಕ ಕೀಲಿಕೈ ಬೀಳಿಸುತ್ತಲೇ ಹೋದ. ನನಗೆ ಹೊಟ್ಟೆಯೊಳಗೆ ಕಸಿವಿಸಿ. ಯಾಕಂದ್ರೆ ಕಥೆಯಲ್ಲಿ ಆ ಮುದುಕ ಏನನ್ನೂ ಬೀಳಿಸಿರಲಿಲ್ಲ. ಪಾಪ, ಹುಡುಕುತ್ತಿದ್ದ ಅಷ್ಟೆ.

ಎಲ್ಲರಿಗೂ ಮಾರ್ಕ್ಸ್ ಕೊಟ್ಟೆ, ತಪ್ಪು ನನ್ನದಲ್ವಾ. ಆದರೆ ಆವತ್ತಿನಿಂದ ಈ ಪದ ನನ್ನ ಬೆನ್ನು ಬಿಡಲಿಲ್ಲ. ಇವತ್ತು ಅದರ ಲೆಕ್ಕ ಚುಕ್ತಾ ಮಾಡೋಣ ಅಂತ ಬಂದಿದ್ದೇನೆ.

ಇಂಗ್ಲಿಷಿನವರು ಈ ಒಂದು ಪದವನ್ನು ಎಷ್ಟು ಕಡೆ ದುಡಿಸುತ್ತಾರೆ ನೋಡಿ. ಕರೆಂಟ್ ಹೋದಾಗ ಮೇಣದಬತ್ತಿಗಾಗಿ ಕಪಾಟು ಸವರಿದರೆ ಫಂಬಲ್. ಅಂಗಿಯ ಗುಂಡಿ ಕಾಜಿನೊಳಗೆ ಹೋಗದೆ ಬೆರಳು ಒದ್ದಾಡಿದರೆ ಫಂಬಲ್. ಚೆಂಡು ಕೈಗೆ ಸಿಕ್ಕಂತಾಗಿ ಜಾರಿದರೆ ಫಂಬಲ್. ವೇದಿಕೆ ಹತ್ತಿ ಮಾತು ಸಿಗದೆ ಆ... ಊ... ಅಂದರೆ ಅದೂ ಫಂಬಲ್. ಸರ್ಕಾರ ಒಂದು ಒಳ್ಳೆ ಯೋಜನೆಯನ್ನು ಕೆಡಿಸಿ ಕೂತರೆ ಪೇಪರಿನವರು ಅದಕ್ಕೂ ಫಂಬಲ್ ಅಂತಲೇ ಬರೆಯುತ್ತಾರೆ. ನಾವು ಹಾಗಲ್ಲ. ಮೇಣದಬತ್ತಿಗೆ ತಡಕಾಡುತ್ತೇವೆ, ಗುಂಡಿಯ ಜೊತೆ ಗುದ್ದಾಡುತ್ತೇವೆ, ಚೆಂಡು ಕೈ ಜಾರುತ್ತೆ, ಮಾತು ತಡವರಿಸುತ್ತೆ, ಯೋಜನೆ ಎಡವಟ್ಟಾಗುತ್ತೆ. ಐದು ಕಡೆ ಐದು ಮಾತು. ಅವರ ಒಂದು ಪದಕ್ಕೆ ನಮ್ಮ ಒಂದು ಪದ ಜೋಡಿಸೋಕೆ ಹೋದ್ರೆ ನನ್ನ ಕಥೆಯ ಮುದುಕನ ಗತಿಯೇ.

ಈಗ ಹುಟ್ಟಿನ ವಿಷಯ. ಫಂಬಲ್ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳೋದು 15ನೇ ಶತಮಾನದ ನಡುವೆ. ಅಂದ್ರೆ ನಮ್ಮ ಬಹಮನಿ ಸುಲ್ತಾನರು ಬೀದರಿನಲ್ಲಿ ಕೂತು ಆಳುತ್ತಿದ್ದ ಕಾಲ. ಇದಕ್ಕೆ ಉತ್ತರ ಸಮುದ್ರದ ಸುತ್ತ ಇರುವ ಭಾಷೆಗಳಲ್ಲೆಲ್ಲ ಅಣ್ಣತಮ್ಮಂದಿರಿದ್ದಾರೆ. ಡಚ್ಚರಲ್ಲಿ ಫೊಮ್ಮೆಲೆನ್, ಜರ್ಮನ್ನರಲ್ಲಿ ಫುಮ್ಮೆಲ್ನ್, ಸ್ವೀಡನ್ನಿನವರಲ್ಲಿ ಫುಮ್ಲಾ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ಫಾಲ್ಮಾ ಎಂಬ ಮಾತಿನ ಜೊತೆಗೂ ಇದನ್ನು ಹೋಲಿಸುತ್ತಾರೆ. ಫಾಲ್ಮಾ ಅಂದ್ರೆ ಬೀಳಿಸೋದಲ್ಲ, ಕೈಯಿಂದ ಮುಟ್ಟಿ ಮುಟ್ಟಿ ನೋಡೋದು, ತಡಕೋದು. ಐಸ್‌ಲ್ಯಾಂಡಿನವರ ಬಾಯಲ್ಲಿ ಆ ಮಾತು ಇವತ್ತಿಗೂ ಬದುಕಿದೆ. ಹುಳದ ತಲೆ ಮೇಲೆ ಎರಡು ಮೀಸೆ ಇರುತ್ತಲ್ಲ, ಜಿರಳೆ ಕತ್ತಲಲ್ಲಿ ಆಡಿಸ್ತಾ ಬರುತ್ತಲ್ಲ, ಅದಕ್ಕೆ ಅವರು ಫಾಲ್ಮಾರಿ ಅಂತಾರೆ. ಅಂದ್ರೆ ತಡಕುವುದು. ನನಗೆ ಈ ಮಾತು ಸಿಕ್ಕ ದಿನ ಮುದುಕನ ಬೆರಳುಗಳು ಕಣ್ಣಿಗೆ ಕಟ್ಟಿದವು. ಕೋಟಿನ ಜೇಬೊಳಗೆ ಜಿರಳೆಯ ಮೀಸೆ ಹಾಗೆ ಓಡಾಡುತ್ತಿರೋ ಬೆರಳುಗಳು.

ಇನ್ನೊಂದು ಮಜಾ ಇದೆ. ಹಳೆಯ ಇಂಗ್ಲಿಷಿನಲ್ಲಿ ಅಂಗೈಗೆ ಫೋಲ್ಮ್ ಅನ್ನುತ್ತಿದ್ದರು. ಅದು ಲ್ಯಾಟಿನ್ನಿನ ಪಾಲ್ಮಾಗೆ ನೆಂಟ, ಇವತ್ತಿನ ಪಾಮ್ ಆ ಪಾಲ್ಮಾದಿಂದಲೇ ಬಂದದ್ದು. ಫಾಲ್ಮಾ ಎಂಬ ಕ್ರಿಯೆಯನ್ನೂ ಕೆಲವು ಪಂಡಿತರು ಇದೇ ಅಂಗೈ ಮನೆತನಕ್ಕೆ ಸೇರಿಸುತ್ತಾರೆ. ಕಳ್ಳರ ಕಡೆಯಿಂದಲೂ ಒಂದು ಸಾಕ್ಷಿ ಇದೆ. 1567ರಲ್ಲಿ ಥಾಮಸ್ ಹಾರ್ಮನ್ ಅನ್ನೋ ಒಬ್ಬ ಇಂಗ್ಲಿಷಿನವನು ಅಲ್ಲಿನ ಕಳ್ಳರು, ಭಿಕಾರಿಗಳು ತಮ್ಮತಮ್ಮಲ್ಲೇ ಆಡುವ ಗುಟ್ಟಿನ ಮಾತುಗಳ ಪಟ್ಟಿ ಮಾಡಿ ಅಚ್ಚು ಹಾಕಿಸಿದ. ಅದರಲ್ಲಿ ಕೈಗಳಿಗೆ ಇರುವ ಪದ ಫ್ಯಾಂಬಲ್ಸ್. ಕಳ್ಳನ ಕೈ ಅಂದ್ರೆ ಬೀಳಿಸೋ ಕೈ ಅಂತೂ ಅಲ್ಲವೇ ಅಲ್ಲ. ಕತ್ತಲಲ್ಲಿ ಸದ್ದಿಲ್ಲದೆ ತಡಕೋ ಕೈ.

ಇಷ್ಟೆಲ್ಲ ಇದ್ದರೂ, ಇದು ಬರೀ ಸದ್ದಿನಿಂದ ಹುಟ್ಟಿದ ಪದ ಇರಬಹುದು ಅನ್ನುವವರೂ ಇದ್ದಾರೆ. ಅವರ ಮಾತಲ್ಲೂ ಹುರುಳಿದೆ. ಫಂಬಲ್, ಸ್ಟಂಬಲ್, ಟಂಬಲ್, ಬಂಬಲ್, ಮಂಬಲ್, ಜಂಬಲ್. ಎಲ್ಲದರಲ್ಲೂ ಅದೇ ಬಾಲ. ಒಬ್ಬ ಎಡವುತ್ತಾನೆ, ಒಬ್ಬ ಉರುಳುತ್ತಾನೆ, ಒಬ್ಬ ಬಾಯೊಳಗೇ ಗೊಣಗುತ್ತಾನೆ. ತುಟಿ ಮುಚ್ಚಿ ಅಂಬ್ ಅಂದರೆ ಇಂಗ್ಲಿಷ್ ಕಿವಿಗೆ ಏನೋ ಸರಿ ಇಲ್ಲ ಅನಿಸುತ್ತೆ. ನಮ್ಮ ಕಿವಿಗೆ ಹಾಗನಿಸೋದು ನಾಲಿಗೆ ಮಡಿಸಿ ಡ ಅಂದಾಗ. ಗಡಬಡ, ತಡಬಡ, ದಡಬಡ. ಗಡಿಬಿಡಿ ಆಯ್ತು ಅಂತ ಹೇಳುವಾಗ ನಾಲಿಗೆಯೇ ಗಡಿಬಿಡಿಯಲ್ಲಿರುತ್ತೆ. (ಇಲ್ಲಿ ಯಾರೋ ಗಡ್‌ಬಡ್ ಐಸ್‌ಕ್ರೀಮ್ ಅಂದ್ರು. ಅದು ಮಂಗಳೂರು ಕಡೆಯ ವಿಷಯ, ಅದಕ್ಕೆ ಬೇರೆ ಉಪನ್ಯಾಸ ಬೇಕು.)

ಆ ಬಾಲದ ಕೊನೆಯಲ್ಲಿರುವ ಲ್ ಇದೆಯಲ್ಲ, ಅದಕ್ಕೂ ಒಂದು ಕೆಲಸ ಇದೆ. ಸಣ್ಣ ಕೆಲಸ ಮತ್ತೆ ಮತ್ತೆ ಆಗುತ್ತಿದೆ ಅಂತ ತೋರಿಸೋದು. ಸ್ಪಾರ್ಕ್ ಅಂದ್ರೆ ಒಂದು ಕಿಡಿ, ಸ್ಪಾರ್ಕಲ್ ಅಂದ್ರೆ ಮಿಣಮಿಣ ಅಂತಲೇ ಇರೋದು. ಕ್ರ್ಯಾಕ್ ಒಂದು ಸಲ ಚಟ್ ಅನ್ನೋದು, ಕ್ರ್ಯಾಕಲ್ ಚಟಪಟ ಅನ್ನುತ್ತಾ ಇರೋದು. ಕನ್ನಡದಲ್ಲಿ ಈ ಕೆಲಸ ಯಾರು ಮಾಡ್ತಾರೆ ಹೇಳಿ? ಯೋಚನೆ ಮಾಡಿ. ಆಡು! ಓಡು, ಓಡಾಡು. ಹುಡುಕು, ಹುಡುಕಾಡು. ಅಲೆ, ಅಲೆದಾಡು. ತಡಕು, ತಡಕಾಡು. ಒಂದು ಸಲ ಮುಟ್ಟಿ ಬಿಟ್ಟರೆ ತಡಕಾಟ ಆಗೋದಿಲ್ಲ. ಇಲ್ಲಿ ನೋಡು, ಅಲ್ಲಿ ನೋಡು, ಮತ್ತೆ ಇಲ್ಲಿಗೇ ಬಾ. ಫಂಬಲ್ ಅನ್ನೋ ಮಾತಿನ ಬೆನ್ನುಮೂಳೆ ಇದು. ಆವತ್ತು ಕ್ಲಾಸಿನಲ್ಲಿ ನನ್ನ ಬಾಯಿಗೆ ಬರಬೇಕಿದ್ದ ಪದವೂ ಇದೇ. ನಮ್ಮ ಮನೆಯಲ್ಲಿ ಅವ್ವ ದಿನಕ್ಕೆ ನಾಲ್ಕು ಸಲ, "ಏನ್ ತಡಕಾಡ್ಲತ್ತಿದಿ ಅಲ್ಲಿ?" ಅಂತ ಕೇಳ್ತಿದ್ದಳು. ಆದರೂ ಬರಲಿಲ್ಲ. ಓದಿದ ಪದ ಬಾಯಿಗೆ ಬರುತ್ತೆ, ಆಡಿದ ಪದ ಬರಲ್ಲ, ಮೇಷ್ಟ್ರುಗಳ ರೋಗ ಇದು.

ಇನ್ನು ಕೀಲಿಕೈ. ಈ ಪದವನ್ನೇ ಸ್ವಲ್ಪ ನಿಧಾನಕ್ಕೆ ಹೇಳಿ ನೋಡಿ. ಕೀಲಿ, ಕೈ. ಬೆಂಗಳೂರು ಮೈಸೂರು ಕಡೆಯವರು ಬೀಗದ ಕೈ ಅಂತಾರೆ. ಬೀಗಕ್ಕೆ ನಾವು ಒಂದು ಕೈ ಕೊಟ್ಟಿದ್ದೇವೆ. ಅದು ಕಳೆದಾಗ ನಮ್ಮ ಕೈ ಅದರ ಕೈಯನ್ನು ಹುಡುಕುತ್ತೆ. ಇಷ್ಟು ಚೆಂದದ ವಾಕ್ಯ ಕನ್ನಡದಲ್ಲಿ ಸುಮ್ನೆ ಬಿದ್ದಿತ್ತು, ನಾನು ಅದನ್ನು ಬಿಟ್ಟು ಕಾಮೆಂಟರಿಯವನ ಹಿಂದೆ ಹೋದೆ.

ಈಗ ಚಳಿಗೆ ಬರೋಣ. ಇವತ್ತು ಬೆಳಿಗ್ಗೆ ಬೀದರ್ ಕೋಟೆ ಕಡೆ ವಾಕಿಂಗ್ ಹೋದವರಿಗೆ ಗೊತ್ತಿರುತ್ತೆ. ಕಲಬುರಗಿಯವರು ನಮ್ಮನ್ನು ನೋಡಿ ಹೊಟ್ಟೆ ಉರಿದುಕೊಳ್ಳೋದು ಈ ಒಂದು ವಿಷಯಕ್ಕೆ ಮಾತ್ರ. ನಾನು ಗಾಡಿ ಮೇಲೆ ಬಂದೆ, ಕೈಗವಸು ಇರಲಿಲ್ಲ. ಬಂದಿಳಿದು ಕೀಲಿ ತೆಗೆಯೋಕೆ ಹೋದರೆ ಬೆರಳು ಮಾತು ಕೇಳವಲ್ಲವು. ಕ್ಲಮ್ಸಿ ಅನ್ನೋ ಪದ ಹುಟ್ಟಿದ್ದೇ ಹೀಗೆ. ಮೊದಲು ಅದಕ್ಕೆ ಒಡ್ಡುತನ ಅನ್ನೋ ಅರ್ಥ ಇರಲಿಲ್ಲ. ಕ್ಲಮ್ಸೆನ್ ಅಂತ ಹಳೆಯ ಕ್ರಿಯಾಪದ ಇತ್ತು, ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದದ್ದು, ಚಳಿಗೆ ಜಡ್ಡುಗಟ್ಟೋದು ಅಂತ ಅದರ ಅರ್ಥ. ಚಳಿಗೆ ಸೆಡೆತ ಕೈಯವನು ಕ್ಲಮ್ಸಿ. ಆಮೇಲೆ ಚಳಿ ಹೋಯ್ತು, ಬೈಗುಳ ಉಳೀತು. ನಾವು ಬೆರಳು ಮರಗಟ್ಟಿದೆ ಅಂತೀವಿ. ಬೆರಳು ಮರ ಆಗಿದೆ ಅಂತ. ಆದರೆ ನಮ್ಮ ಪುಣ್ಯ, ಮರಗಟ್ಟಿದವನು ಅಂತ ಯಾರನ್ನೂ ಬೈಯಲಿಲ್ಲ. ಚಳಿಗೆ ಆದದ್ದು ಚಳಿ ಹೋದರೆ ಹೋಗುತ್ತೆ, ಒಂದು ಕಪ್ ಚಾ ಕುಡಿದರೆ ಸಾಕು.

ಈ ಕ್ಲಮ್ಸಿ ಪದಕ್ಕೆ ಇನ್ನೊಂದು ಕಥೆ ಇದೆ, ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. 1601ರಲ್ಲಿ ಲಂಡನ್ನಿನಲ್ಲಿ ಬೆನ್ ಜಾನ್ಸನ್ ಒಂದು ನಾಟಕ ಆಡಿಸಿದ. ಪೊಯೆಟಾಸ್ಟರ್ ಅಂತ ಹೆಸರು. ಅವನಿಗೂ ಜಾನ್ ಮಾರ್ಸ್ಟನ್ ಅನ್ನೋ ಇನ್ನೊಬ್ಬ ನಾಟಕಕಾರನಿಗೂ ಆಗುತ್ತಿರಲಿಲ್ಲ. ಮಾರ್ಸ್ಟನ್ ವಿಚಿತ್ರ ಹೊಸ ಪದಗಳನ್ನು ತುರುಕಿ ಬರೆಯುತ್ತಾನೆ ಅಂತ ಇವನಿಗೆ ಸಿಟ್ಟು. ಅದಕ್ಕೆ ಏನು ಮಾಡಿದ ಗೊತ್ತಾ, ನಾಟಕದಲ್ಲಿ ಅವನಂಥದೇ ಒಂದು ಪಾತ್ರ ತಂದು, ಅದಕ್ಕೆ ಗುಳಿಗೆ ನುಂಗಿಸಿ, ಬೋಗುಣಿ ಮುಂದಿಟ್ಟು, ಆ ಪದಗಳನ್ನೆಲ್ಲ ಒಂದೊಂದಾಗಿ ವಾಂತಿ ಮಾಡಿಸಿದ! ಆ ವಾಂತಿಯಲ್ಲಿ ಬಿದ್ದ ಪದಗಳಲ್ಲಿ ಕ್ಲಮ್ಸಿಯೂ ಒಂದು. ಜೊತೆಗೆ ಸ್ಟ್ರೆನ್ಯುಅಸ್, ಕಾನ್ಷಿಯಸ್, ಸ್ಪ್ಯೂರಿಯಸ್ ಕೂಡ ಬಿದ್ದವು. ಇವತ್ತು ಆ ನಾಲ್ಕೂ ಪದ ನಿಮ್ಮ ಸಿಲಬಸ್‌ನಲ್ಲಿವೆ. ಕಾನ್ಷಿಯಸ್ ಇಲ್ಲದೆ ಸೈಕಾಲಜಿ ಡಿಪಾರ್ಟ್‌ಮೆಂಟ್ ನಡೆಯೋದೇ ಇಲ್ಲ. ಬೆನ್ ಜಾನ್ಸನ್ ಉಗುಳಿಸಿದ್ದನ್ನು ಜನ ಎತ್ತಿಕೊಂಡು ಮನೆಗೆ ಒಯ್ದರು.

ಚಳಿ ಆಯ್ತು, ಇನ್ನೊಬ್ಬ ಆರೋಪಿ ಎಡಗೈ. ಫ್ರೆಂಚಿನ ಗೋಷ್ ಅನ್ನೋ ಪದ ಇಂಗ್ಲಿಷಿನಲ್ಲೂ ಓಡುತ್ತೆ, ನಾಲ್ಕು ಜನರ ಮಧ್ಯೆ ಹೇಗಿರಬೇಕು ಅಂತ ಗೊತ್ತಿಲ್ಲದವನು ಅಂತ ಅರ್ಥ. ಮೂಲದಲ್ಲಿ ಅದು ಬರೀ ಎಡ. ಅದರ ಎದುರಿಗೆ ಅಡ್ರಾಯ್ಟ್ ಇದೆ, ಚುರುಕು ಕೈಯವನು. ಅದರ ಹೊಟ್ಟೆಯಲ್ಲಿರೋದು ದ್ರುವಾ, ಬಲ. ಕೈಚಳಕಕ್ಕೆ ಹೇಳೋ ಡೆಕ್ಸ್ಟೆರಿಟಿಯಲ್ಲಿ ಲ್ಯಾಟಿನ್ನಿನ ಬಲಗೈ ಕೂತಿದೆ. ಆಕ್ವರ್ಡ್ ಇನ್ನೂ ಸರಳ, ಹಿಂದುಮುಂದಾಗಿ ತಿರುಗಿದ್ದು ಅಂತ, ನಮ್ಮ ಉಲ್ಟಾ. ಕನ್ನಡದವರು ಸಾಚಾ ಅಂತ ತಿಳಿಯಬೇಡಿ. ಎಡವಟ್ಟು ಅನ್ನುವಾಗ, ಎಡಬಿಡಂಗಿ ಅನ್ನುವಾಗ ಕಿವಿಗೆ ಕೇಳಿಸೋದು ಎಡವೇ. ನನ್ನ ತಮ್ಮ ಎಡಚ. ಚಿಕ್ಕವನಿದ್ದಾಗ ಅವನಿಗೆ ಕತ್ತರಿ ಹಿಡಿಯೋಕೆ ಬರಲ್ಲ ಅಂತ ಮನೆಮಂದಿಯೆಲ್ಲ ನಗುತ್ತಿದ್ದೆವು. ಆಮೇಲೆ ನಾನು ಒಂದು ದಿನ ಎಡಗೈಯಲ್ಲಿ ಹಿಡಿದು ನೋಡಿದೆ. ನಮ್ಮ ಕತ್ತರಿಯ ಅಲಗು ಬಲಗೈಗೆ ಅಂತ ಜೋಡಿಸಿದ್ದು. ಬಲಗೈಯಲ್ಲಿ ಹಿಸುಕಿದರೆ ಎರಡು ಅಲಗೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಕಾಗದ ಕತ್ತರಿಸುತ್ತೆ. ಎಡಗೈಯಲ್ಲಿ ಹಿಸುಕಿದರೆ ಅದೇ ಒತ್ತಡಕ್ಕೆ ಅಲಗು ಅಗಲ ಆಗುತ್ತವೆ, ಕಾಗದ ಮಧ್ಯೆ ಸಿಕ್ಕಿ ಮಡಚಿಕೊಳ್ಳುತ್ತೆ. ತಪ್ಪು ಕತ್ತರಿಯದು, ನಕ್ಕಿದ್ದು ತಮ್ಮನನ್ನ ನೋಡಿ.

ಬೆರಳುಗಳ ಮೇಲೂ ಇಂಗ್ಲಿಷಿನವರಿಗೆ ಕಣ್ಣು. 1546ರಲ್ಲಿ ಜಾನ್ ಹೇವುಡ್ ಗಾದೆಗಳನ್ನು ಸೇರಿಸಿ ಒಂದು ಪುಸ್ತಕ ಮಾಡಿದ. ಎಲ್ಲ ಬೆರಳೂ ಹೆಬ್ಬೆರಳೇ ಅನ್ನೋ ಮಾತು ಅದರಲ್ಲಿ ಆಗಲೇ ಇದೆ, ಕೈ ಕೆಲಸ ಬಾರದವನಿಗೆ ಹೇಳೋದು. ನಮ್ಮಲ್ಲಿ ಹೆಬ್ಬೆಟ್ಟು ಅಂದ್ರೆ ಬೇರೆಯೇ ಬೈಗುಳ. ಸಹಿ ಮಾಡೋಕೆ ಬಾರದವನು. ನಮ್ಮಜ್ಜ ಹೆಬ್ಬೆಟ್ಟು. ಅದೇ ಕೈಯಲ್ಲಿ ಅವನು ಕೂರಿಗೆಯಿಂದ ಬಿತ್ತಿದ ಸಾಲು ದಾರ ಹಿಡಿದ ಹಾಗೆ ನೆಟ್ಟಗೆ ಇರುತ್ತಿತ್ತು. ಇನ್ನು ಏಕಲವ್ಯನ ಕಥೆ ನೆನೆಸಿಕೊಳ್ಳಿ. ದ್ರೋಣ ಕೇಳಿದ್ದು ಹೆಬ್ಬೆರಳು, ಕಿರುಬೆರಳಲ್ಲ. ಕೈಚಳಕವೆಲ್ಲ ಅದೊಂದರಲ್ಲಿದೆ ಅಂತ ಆ ಮುದುಕನಿಗೆ ಗೊತ್ತಿತ್ತು. ಹಾಗಿರುವಾಗ ಹತ್ತೂ ಹೆಬ್ಬೆರಳಾದರೆ ಒಳ್ಳೇದೇ ಅಲ್ವಾ ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಜಾಣ ಹುಡುಗ. ಹೆಬ್ಬೆರಳಿಗೆ ಎದುರಿಗೆ ಇನ್ನೊಂದು ಬೆರಳು ಬೇಕಪ್ಪಾ, ಚಿವುಟೋಕೆ, ಅಂದೆ.

ಬೆಣ್ಣೆ ಬೆರಳಿನವನು, ಅಂದ್ರೆ ಬಟರ್‌ಫಿಂಗರ್ಸ್ ಅನ್ನೋ ಮಾತೂ ಹಳೇದು. 1615ರಲ್ಲಿ ಜರ್ವೇಸ್ ಮಾರ್ಕಮ್ ಎಂಬುವನು ಮನೆಯಾಕೆ ಹೇಗಿರಬೇಕು ಅಂತ ಬರೆದ ಪುಸ್ತಕದಲ್ಲಿ, ಅಡುಗೆ ಮಾಡುವವಳ ಬೆರಳು ಬೆಣ್ಣೆ ಬೆರಳಾಗಿರಬಾರದು ಅಂತಾನೆ. ಕ್ರಿಕೆಟ್ಟಿಗೆ ಅದು ಆಮೇಲೆ ಹೋಯ್ತು, ಮೊದಲು ಇದ್ದದ್ದು ಅಡುಗೆಮನೆಯಲ್ಲಿ. ಮಾರ್ಕಮ್ ಜೋಳದ ರೊಟ್ಟಿ ನೋಡಿರಲಿಲ್ಲ, ನೋಡಿದ್ದರೆ ಪುಸ್ತಕ ಇನ್ನೂ ದಪ್ಪ ಆಗುತ್ತಿತ್ತು.

ರೊಟ್ಟಿ ಬಡಿಯೋದು ನಾನು ಕಲಿಯೋಕೆ ಹೋಗಿ ಸೋತ ವಿದ್ಯೆ. ಗೋಧಿ ಹಿಟ್ಟಿನಲ್ಲಿ ಅಂಟು ಇರುತ್ತೆ, ಎಳೆದರೆ ಬರುತ್ತೆ, ಅನಾಡಿ ಕೈಗೂ ಚಪಾತಿ ಆಗುತ್ತೆ, ಭಾರತದ ನಕ್ಷೆ ಥರ ಆದರೂ ಆಗುತ್ತೆ. ಜೋಳದಲ್ಲಿ ಆ ಅಂಟಿಲ್ಲ. ಅದಕ್ಕೇ ಕುದಿಯೋ ನೀರು ಹಾಕಿ ಹಿಟ್ಟಿಗೆ ಜಿಗಿ ಬರಿಸೋದು. ಅಷ್ಟಾದರೂ ಕೈ ಸ್ವಲ್ಪ ಜೋರಾದರೆ ಅಂಚು ಬಿರಿಯುತ್ತೆ, ಮೆತ್ತಗಾದರೆ ನಡು ದಪ್ಪ ಉಳಿಯುತ್ತೆ, ಬಡಿದದ್ದು ಸರಿ ಆದರೂ ಎತ್ತಿ ತವಾದ ಮೇಲೆ ಹಾಕುವಾಗ ನಡುವೆ ಹರಿಯುತ್ತೆ. ನನ್ನ ಮೂರನೇ ರೊಟ್ಟಿ ಹರಿದಾಗ ಅವ್ವ ಅಂದಳು, "ಕೈಗೆ ಹೇಳಬ್ಯಾಡೋ ತಮ್ಮಾ, ಕೈ ಹೇಳ್ತದ ಕೇಳು." ನನಗೆ ಆವತ್ತು ಸಿಟ್ಟು ಬಂತು. ಹಿಟ್ಟು ತೆಳ್ಳಗಾಗಿದ್ದನ್ನು ಅವಳು ಕಣ್ಣಿಂದ ನೋಡುತ್ತಿರಲಿಲ್ಲ, ಅಂಗೈಯಿಂದ ನೋಡುತ್ತಿದ್ದಳು. ತಡಕೋ ಕೈ ಅಂದ್ರೆ ಅದು. ಪ್ರತಿ ಬಡಿತದಲ್ಲೂ ಹುಡುಕುತ್ತಿತ್ತು. ನನ್ನ ಕೈ ಹುಡುಕೋದು ಬಿಟ್ಟು ಬರೀ ಬಡಿಯುತ್ತಿತ್ತು.

ಬಾಚ್ ಅನ್ನೋ ಪದದ ಗತಿಯೂ ನೋಡಿ, ಕರುಣೆ ಬರುತ್ತೆ. ಕೆಲಸ ಕೆಡಿಸೋದಕ್ಕೆ ಹಾಗಂತಾರೆ ಈಗ. ಆದರೆ 14ನೇ ಶತಮಾನದ ಕೊನೆಯಲ್ಲಿ ಅದರ ಅರ್ಥ ರಿಪೇರಿ ಮಾಡೋದು, ತೇಪೆ ಹಾಕೋದು. ಒಳ್ಳೆಯ ಕೆಲಸ. 16ನೇ ಶತಮಾನಕ್ಕೆ ಬರುವಷ್ಟರಲ್ಲಿ ಅದು ಕೆಟ್ಟ ತೇಪೆ ಆಯ್ತು, ಕೊನೆಗೆ ತೇಪೆಯೂ ಹೋಗಿ ಬರೀ ಕೆಡಿಸೋದು ಉಳೀತು. ನಮ್ಮಲ್ಲೂ ತೇಪೆ ಹಚ್ಚಿದ ಅಂದ್ರೆ ಅಷ್ಟೇನೂ ಮರ್ಯಾದೆ ಇಲ್ಲ. ಆದರೆ ನಮ್ಮ ಕಡೆ ಹಳೆ ಸೀರೆ, ಹಳೆ ಧೋತರದ ತುಂಡುಗಳನ್ನೇ ಜೋಡಿಸಿ ಕೌದಿ ಹೊಲಿತಾರೆ. ಅದು ಇಡೀ ತೇಪೆಯೇ. ಅದನ್ನು ಹೊದ್ದು ಮಲಗಿದವರು ಯಾರೂ ತೇಪೆ ಅಂತ ಬೈಯಲ್ಲ.

ಸರಿ, ಹಾಗಾದ್ರೆ ನಾನು ಆವತ್ತು ಹೇಳಿದ ಬೀಳಿಸೋ ಅರ್ಥ ಎಲ್ಲಿಂದ ಬಂತು? ಅದು ಸುಳ್ಳೇನೂ ಅಲ್ಲ. ಆಟದಿಂದ ಜೋರಾಯ್ತು. ಅಮೆರಿಕದವರ ಫುಟ್‌ಬಾಲ್ ಅಂದ್ರೆ ಕಾಲಿಗಿಂತ ಕೈ ಜಾಸ್ತಿ ಇರೋ ಆಟ, ಚೆಂಡು ಅಪ್ಪಿಕೊಂಡು ಓಡೋದು. ಅಲ್ಲಿ ಫಂಬಲ್‌ಗೆ ನಿಯಮ ಪುಸ್ತಕದಲ್ಲೇ ಅರ್ಥ ಬರೆದಿದೆ. ಚೆಂಡು ನಿಮ್ಮ ವಶದಲ್ಲಿದ್ದು ಕಳೆದುಕೊಂಡರೆ ಮಾತ್ರ ಫಂಬಲ್. ಬಂದ ಪಾಸು ಹಿಡಿಯೋಕೆ ಆಗದೆ ಹೋದರೆ ಅದಕ್ಕೆ ಬೇರೆ ಹೆಸರು. 1978ರ ನವೆಂಬರ್ 19ರಂದು ನ್ಯೂಜೆರ್ಸಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ 17-12 ಮುಂದಿತ್ತು. ಕೆಲವೇ ಸೆಕೆಂಡ್ ಬಾಕಿ. ಚೆಂಡು ಹಿಡಿದುಕೊಂಡು ಸುಮ್ನೆ ಮಂಡಿ ಊರಿದ್ದರೆ ಗೆದ್ದಾಗಿತ್ತು. ಜೋ ಪಿಸಾರ್ಚಿಕ್ ಅನ್ನೋ ಆಟಗಾರ ಚೆಂಡನ್ನು ತನ್ನ ಜೊತೆಯವನ ಕೈಗೆ ಕೊಡೋಕೆ ಹೋದ, ಅದು ಇಬ್ಬರ ಕೈಗೂ ನಿಲ್ಲಲಿಲ್ಲ. ಎದುರಾಳಿ ಫಿಲಡೆಲ್ಫಿಯಾದ ಹರ್ಮನ್ ಎಡ್ವರ್ಡ್ಸ್ ಎತ್ತಿಕೊಂಡು ಓಡಿದ. 19-17. ಆಮೇಲೆ ಎಲ್ಲ ತಂಡದವರೂ ಗೆಲ್ಲೋ ಹೊತ್ತಿಗೆ ಮಂಡಿ ಊರಿ ಕೂರೋದನ್ನು ರೂಢಿ ಮಾಡಿಕೊಂಡರು. ಹೀಗೆ ಆಟದ ಮೈದಾನದಲ್ಲಿ ಹುಡುಕೋ ಅರ್ಥ ಉದುರಿ, ಕಳೆಯೋ ಅರ್ಥ ಮಾತ್ರ ಉಳೀತು.

ನಮಗೆ ಹತ್ತಿರದ್ದು ಬೇಕಂದ್ರೆ 1999ರ ವಿಶ್ವಕಪ್. ಇಲ್ಲಿ ಮುಂದಿನ ಸಾಲಿನಲ್ಲಿ ಕೂತವರಿಗೆಲ್ಲ ನೆನಪಿದೆ, ಹಿಂದಿನವರು ಆಗ ಹುಟ್ಟಿರಲಿಲ್ಲ. ಜೂನ್ 13, ಹೆಡಿಂಗ್ಲಿ. ಆಸ್ಟ್ರೇಲಿಯಾದ ಸ್ಟೀವ್ ವಾ 56ರಲ್ಲಿದ್ದಾಗ ಸುಲಭದ ಕ್ಯಾಚು. ದಕ್ಷಿಣ ಆಫ್ರಿಕಾದ ಹರ್ಷೆಲ್ ಗಿಬ್ಸ್ ಹಿಡಿದ. ಹಿಡಿದೇ ಬಿಟ್ಟ! ಖುಷಿಗೆ ಚೆಂಡು ಮೇಲೆ ಎಸೆಯೋಕೆ ಹೋಗಿ, ಪೂರ್ತಿ ಕೈವಶ ಆಗೋ ಮೊದಲೇ ಬಿಟ್ಟ. ವಾ 120 ಹೊಡೆದು ಔಟಾಗದೆ ಉಳಿದ, ಆಸ್ಟ್ರೇಲಿಯಾ ಗೆದ್ದಿತು. ನಾಲ್ಕು ದಿನ ಬಿಟ್ಟು ಅದೇ ಎರಡು ತಂಡಗಳ ಸೆಮಿಫೈನಲ್. ಎರಡೂ ಕಡೆ 213. ಕೊನೆಗೆ ಅಲನ್ ಡೊನಾಲ್ಡ್ ಕೈಯಿಂದ ಬ್ಯಾಟೇ ಬಿತ್ತು, ಬ್ಯಾಟಿಲ್ಲದೆ ಓಡಿ ರನ್‌ಔಟ್. ಟೈ ಆದರೂ ಫೈನಲ್‌ಗೆ ಹೋದದ್ದು ಆಸ್ಟ್ರೇಲಿಯಾ. ನಮ್ಮ ಗಲ್ಲಿಯ ಟೀವಿ ಮುಂದೆ ಕೂತಿದ್ದ ಒಬ್ಬ ಕಾಕಾ, "ಕೈಗ್ ಬಂದಿದ್ದು ಬಾಯಿಗ್ ಬರ್ಲಿಲ್ಲಲ್ಲೋ" ಅಂತ ತಲೆ ಚಚ್ಚಿಕೊಂಡರು. ಅದಕ್ಕಿಂತ ಒಳ್ಳೆ ಕಾಮೆಂಟರಿ ನಾನು ಕೇಳಿಲ್ಲ. ಗಿಬ್ಸ್ ಮಾಡಿದ್ದಕ್ಕೆ ಕನ್ನಡ ಬೇಕಂದ್ರೆ ಅದೇ ಗಾದೆ, ಕೈಗೆ ಬಂದ ತುತ್ತು. ಮುದುಕನಿಗೆ ಈ ಗಾದೆ ಹೊಂದಲ್ಲ, ಅವನ ಕೈಗೆ ಇನ್ನೂ ಏನೂ ಬಂದೇ ಇರಲಿಲ್ಲ.

ಈಗಿನ ಹುಡುಗರು ಇನ್ನೂ ಮುಂದೆ ಹೋಗಿದ್ದಾರೆ. ಒಳ್ಳೆ ಕೆಲಸ ಬಿಟ್ಟುಕೊಟ್ಟರೆ ಬ್ಯಾಗ್ ಫಂಬಲ್ ಮಾಡಿದ ಅಂತಾರೆ, ಬ್ಯಾಗ್ ಅಂದ್ರೆ ದುಡ್ಡಿನ ಚೀಲ. ಒಳ್ಳೆ ಹುಡುಗಿಯನ್ನು ಕಳಕೊಂಡರೂ ಫಂಬಲ್ ಮಾಡಿದ ಅಂತಾರೆ. (ನಗು.) ನಗಬೇಡಿ, ರೀಲ್ಸ್ ನಾನೂ ನೋಡ್ತೀನಿ. ಈ ಪದಕ್ಕೆ ಇಂಗ್ಲಿಷಿನಲ್ಲಿ ಇನ್ನೂ ಒಂದೆರಡು ಹಳೆಯ ಅರ್ಥ ಇವೆ, ಪ್ರಿನ್ಸಿಪಾಲರು ಕೂತಿದ್ದಾರೆ, ಬೇಡ.

ಕೊನೆಗೆ ನಮ್ಮೂರಿನ ಕೈಗೆ ಬರ್ತೀನಿ. ಬಿದರಿ ಕೆಲಸ ನೋಡದವರು ಇಲ್ಲಿ ಯಾರಿದ್ದೀರಿ? ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಬರಿಸ್ತಾರೆ. ಕೆತ್ತಿದ ಗೆರೆ ಕಣ್ಣಿಗೆ ಕಾಣಲಿ ಅಂತ. ಆಮೇಲೆ ಸಣ್ಣ ಉಳಿಯಿಂದ ಬಳ್ಳಿ, ಹೂವು ಕೆತ್ತಿ, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿತಾರೆ. ಕೊನೆಗೆ ನಮ್ಮ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಹಚ್ಚಿದರೆ ಲೋಹ ಮಾತ್ರ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಮಣ್ಣು ಸರಿಯಾದ್ದು ಹೌದೋ ಅಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುವವರಿದ್ದಾರೆ, ಅದೂ ಒಂಥರಾ ತಡಕಾಟವೇ. 2006ರಲ್ಲಿ ಇದಕ್ಕೆ ಜಿಐ ಟ್ಯಾಗ್ ಬಂತು, 2023ರಲ್ಲಿ ನಮ್ಮೂರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ನಾನು ಕೇಳೋದು ಇಷ್ಟೇ. ಕಪ್ಪು ಲೋಹದ ಮೇಲೆ ಕೂದಲೆಳೆಯಷ್ಟು ಗೆರೆ ಕೊರೆಯೋ ಆ ಬೆರಳಿಗೆ ಇಂಗ್ಲಿಷಿನವರು ಡೆಕ್ಸ್ಟರಸ್ ಅಂತಾರೆ, ಬಲಗೈಯದು ಅಂತ. ಕೆಲಸ ನಡೆಯೋವಾಗ ಹತ್ತಿರ ಹೋಗಿ ನೋಡಿ. ಬಲಗೈ ಸುತ್ತಿಗೆ ಹೊಡೆಯೋ ಹೊತ್ತಿಗೆ ಎಡಗೈಯಲ್ಲಿ ಉಳಿ ಇರುತ್ತೆ. ದಾರಿ ಹುಡುಕೋದು ಎಡಗೈ.

ಮಾತು ಇಷ್ಟಕ್ಕೆ ಮುಗಿಸಿ ಪ್ರಶ್ನೆ ಕೇಳಿ ಅಂದೆ. ಹುಡುಗರು ಪರೀಕ್ಷೆಗೆ ಬರುತ್ತಾ ಅಂತ ಕೇಳಿದರು, ಬರಲ್ಲ ಅಂದೆ, ಅರ್ಧ ಹಾಲ್ ಎದ್ದಿತು. ಮೂಲೆಯಲ್ಲಿ ಒಬ್ಬ ಹಿರಿಯರು ಕೂತಿದ್ದರು, ತಲೆಗೆ ಮಫ್ಲರ್ ಸುತ್ತಿಕೊಂಡು. ಮೊಮ್ಮಗಳನ್ನು ಕರೆದುಕೊಂಡು ಹೋಗೋಕೆ ಬಂದು ಹಾಗೇ ಕೂತವರಂತೆ. ಬಿದರಿ ಕೆಲಸ ಮಾಡಿಯೇ ಜೀವನ ಕಳೆದವರು. ಮೈಕ್ ಬೇಡ ಅಂದರು.

"ಸರ್, ನೀವು ಇಷ್ಟೊತ್ತನ ಹೇಳಿದ್ರಿ, ಛಲೋ ಆಯ್ತು. ಒಂದು ಕೇಳ್ತೀನಿ. ಕೆತ್ತೋವಾಗ ಉಳಿ ಜಾರ್ತದಲ್ರಿ, ಅದಕ್ಕ ಇಂಗ್ಲಿಷ್‌ದಾಗ ಏನಂತಾರ?"

"ಸ್ಲಿಪ್ ಅಂತಾರ್ರಿ," ಅಂದೆ. "ಫಂಬಲ್ ಅಂದ್ರೂ ನಡೀತದ. ನಿಮ್ಮಲ್ಲಿ ಏನಂತೀರಿ ಕಾಕಾ?"

"ಹೆಸರೇನ್ ಇಲ್ರಿ," ಅಂದರು ಅವರು. "ಜಾರಿದಲ್ಲಿ ಒಂದ್ ಎಲಿ ಹೆಚ್ಚಿಗಿ ಬಿಡ್ತೀವಿ."